ತೆರಿಗೆ ಹಾಕುವವರು ಯಾರು: ಅಮೆರಿಕದ ಹದಿಮೂರು ವಸಾಹತುಗಳು ದೇಶವಾದ ಬಗೆ

(ಊರಿನ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಓದಲು ಸುಲಭವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕ ಯಾಕೆ ಬ್ರಿಟನ್ನಿನಿಂದ ಬೇರೆಯಾಯಿತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ. ಬ್ರಿಟಿಷರು ತೆರಿಗೆ ಜಾಸ್ತಿ ಮಾಡಿದರು. ಜನ ಸಿಟ್ಟಿಗೆದ್ದು ಚಹಾ ಸಮುದ್ರಕ್ಕೆ ಸುರಿದರು. ಯುದ್ಧ ಆಯಿತು, ಸ್ವಾತಂತ್ರ್ಯ ಬಂತು. ಶಾಲೆಯಲ್ಲಿ ನಾವು ಓದಿದ್ದೂ ಇಷ್ಟೇ.

ಈ ಉತ್ತರದಲ್ಲಿ ಮೊದಲ ಮಾತೇ ಸರಿಯಿಲ್ಲ. ಆ ಕಾಲದಲ್ಲಿ ವಸಾಹತುಗಳ, ಅಂದರೆ ಬ್ರಿಟನ್ನಿನ ಕೈಕೆಳಗಿದ್ದ ಅಮೆರಿಕದ ಹದಿಮೂರು ಪ್ರಾಂತ್ಯಗಳ ಜನ ಕಟ್ಟುತ್ತಿದ್ದ ತೆರಿಗೆ ಬ್ರಿಟನ್ನಿನ ಜನ ಕಟ್ಟುತ್ತಿದ್ದದ್ದಕ್ಕಿಂತ ಎಷ್ಟೋ ಕಡಿಮೆ. ಚಹಾ ಗಲಾಟೆ ಎದ್ದದ್ದು ಚಹಾದ ಬೆಲೆ ಇಳಿಯುವ ಹೊತ್ತಿಗೆ. ಹಾಗಾದರೆ ಅಷ್ಟು ಜನ ಪ್ರಾಣ ಕೊಡಲು ಯಾಕೆ ಸಿದ್ಧರಾದರು? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆಯೇ.

ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್ ಊರಿನಲ್ಲಿ ಲೀವೈ ಪ್ರೆಸ್ಟನ್ ಎಂಬ ಮುದುಕರಿದ್ದರು. 1775ರ ಏಪ್ರಿಲ್ 19ರಂದು, ಯುದ್ಧದ ಮೊದಲ ದಿನವೇ, ಬಂದೂಕು ಹಿಡಿದು ಓಡಿದವರು. ಅವರಿಗೆ 90 ದಾಟಿದ ಮೇಲೆ ಮೆಲನ್ ಚೇಂಬರ್ಲಿನ್ ಎಂಬ ಯುವಕ ಹೋಗಿ ಮಾತಾಡಿಸಿದ. ಕಾಗದಪತ್ರಗಳಿಗೆ ತೆರಿಗೆ ಹಾಕಿದ ಸ್ಟಾಂಪ್ ಕಾಯ್ದೆಯ ದಬ್ಬಾಳಿಕೆ ತಡೆಯಲಾಗದೆ ಹೋದಿರಾ ಎಂದು ಕೇಳಿದ. ಆ ಸ್ಟಾಂಪು ನಾನು ಕಣ್ಣಲ್ಲೇ ಕಂಡಿಲ್ಲ ಎಂದರು ಮುದುಕರು. ಚಹಾದ ಸುಂಕವೇ? ಚಹಾ ನಾನು ಒಂದು ತೊಟ್ಟೂ ಕುಡಿದಿಲ್ಲ, ಹುಡುಗರು ಎಲ್ಲ ಸಮುದ್ರಕ್ಕೆ ಎಸೆದಿದ್ದರು ಎಂದರು. ದೊಡ್ಡ ದೊಡ್ಡ ಪಂಡಿತರು ಸ್ವಾತಂತ್ರ್ಯದ ಬಗ್ಗೆ ಬರೆದದ್ದನ್ನು ಓದಿದ್ದಿರಾ? ಅಂಥವರ ಹೆಸರೂ ಕೇಳಿಲ್ಲ, ಬೈಬಲ್ಲು, ಪಂಚಾಂಗ ಬಿಟ್ಟರೆ ಬೇರೇನೂ ಓದುತ್ತಿರಲಿಲ್ಲ ಎಂದರು. ಮತ್ತೆ ಯಾಕೆ ಹೋದಿರಿ? ನಮ್ಮ ಆಡಳಿತ ನಾವೇ ನಡೆಸಿಕೊಂಡು ಬಂದಿದ್ದೆವು, ಮುಂದೆಯೂ ಹಾಗೇ ನಡೆಸಬೇಕೆಂದಿದ್ದೆವು, ಅವರಿಗೆ ಅದು ಬೇಡವಾಗಿತ್ತು. ಅಷ್ಟೇ ಅವರ ಉತ್ತರ.

ಇದು ಮುದುಕರೊಬ್ಬರ ನೆನಪು. ಅಚ್ಚಾದದ್ದು ಇನ್ನೂ ಹಲವು ದಶಕ ಕಳೆದ ಮೇಲೆ. ಹಾಗಾಗಿ ಪ್ರತಿ ಪದವನ್ನೂ ಸಾಕ್ಷಿಯೆಂದು ಹಿಡಿಯಬೇಕಿಲ್ಲ. ಆದರೆ ಹದಿಮೂರು ವಸಾಹತುಗಳ ಕಥೆಯನ್ನು ಓದುತ್ತಾ ಹೋದಷ್ಟೂ ಆ ಮಾತೇ ನಿಜ ಅನಿಸುತ್ತದೆ.

ಮೊದಲಿಗೆ ಬ್ರಿಟನ್ನಿನ ಕಡೆಯಿಂದ ನೋಡೋಣ. ಅವರಿಗೂ ಅವರ ಕಷ್ಟ ಇತ್ತು. 1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿಯಿತು. ಫ್ರೆಂಚರ ವಿರುದ್ಧದ ಈ ಯುದ್ಧ ಅಮೆರಿಕದ ಕಾಡುಗಳಲ್ಲೂ ನಡೆಯಿತು, ನಮ್ಮ ದಕ್ಷಿಣದಲ್ಲೂ ನಡೆಯಿತು. ವಾಂಡಿವಾಶ್ ಕದನ, ಪಾಂಡಿಚೇರಿಯ ಪತನ ಎಲ್ಲ ಅದರ ಭಾಗವೇ. ಬ್ರಿಟನ್ ಗೆದ್ದಿತು, ಆದರೆ ಸಾಲದಲ್ಲಿ ಮುಳುಗಿತು. 7 ಕೋಟಿ ಚಿಲ್ಲರೆ ಪೌಂಡ್ ಇದ್ದ ದೇಶದ ಸಾಲ 13 ಕೋಟಿ ಪೌಂಡಿನ ಹತ್ತಿರಕ್ಕೆ ಬಂತು. ಅದರ ಮೇಲೆ ಅಮೆರಿಕದಲ್ಲಿ 10,000 ಸೈನಿಕರನ್ನು ಇಡಬೇಕೆಂದು ತೀರ್ಮಾನವಾಯಿತು. ಕಾಪಾಡುತ್ತಿರುವುದು ನಿಮ್ಮನ್ನೇ, ಖರ್ಚಿನಲ್ಲಿ ಸ್ವಲ್ಪ ಭಾಗ ನೀವೂ ಕೊಡಿ ಎಂದರು ಪ್ರಧಾನಿ ಜಾರ್ಜ್ ಗ್ರೆನ್ವಿಲ್. ಲಂಡನ್ನಿನಲ್ಲಿ ಕೂತವರಿಗೆ ಇದು ನ್ಯಾಯವಾಗಿಯೇ ಕಂಡಿತು.

1764ರಲ್ಲಿ ಸಕ್ಕರೆ ಕಾಯ್ದೆ ಬಂತು. ಕಾಕಂಬಿಯ ಮೇಲಿನ ಸುಂಕ ಗ್ಯಾಲನ್ನಿಗೆ 6 ಪೆನ್ಸಿನಿಂದ 3 ಪೆನ್ಸಿಗೆ ಇಳಿಯಿತು. ಇಳಿದರೂ ಜನ ಸಿಟ್ಟಾದರು. ಯಾಕೆಂದರೆ ಹಳೆಯ 6 ಪೆನ್ಸನ್ನು ಯಾರೂ ಕಟ್ಟುತ್ತಿರಲಿಲ್ಲ. ಅಧಿಕಾರಿಯ ಕೈ ಬಿಸಿ ಮಾಡಿದರೆ ಕೆಲಸ ಆಗುತ್ತಿತ್ತು. ಈಗ ವಸೂಲಿ ಬಿಗಿಯಾಯಿತು. ಸಿಕ್ಕಿಬಿದ್ದವರ ಮೊಕದ್ದಮೆಯನ್ನು ದೂರದ ಹ್ಯಾಲಿಫ್ಯಾಕ್ಸ್‌ಗೆ ಒಯ್ಯಬಹುದಿತ್ತು. ಅಲ್ಲಿನ ನೌಕಾ ನ್ಯಾಯಾಲಯದಲ್ಲಿ ಜ್ಯೂರಿಯೇ, ಅಂದರೆ ತೀರ್ಪು ಕೊಡಲು ಕೂರುವ ಸಾಮಾನ್ಯ ಜನರ ಗುಂಪೇ ಇರಲಿಲ್ಲ.

ಆದರೆ ಇದು ಕಾಕಂಬಿಯಿಂದ ರಮ್ ಭಟ್ಟಿ ಇಳಿಸುವವರ, ಹಡಗು ವ್ಯಾಪಾರಿಗಳ ತಲೆನೋವು. ಎಲ್ಲರ ಮನೆ ಬಾಗಿಲಿಗೆ ಬಂದದ್ದು ಮರುವರ್ಷದ ಸ್ಟಾಂಪ್ ಕಾಯ್ದೆ. 1765ರ ಮಾರ್ಚ್‌ನಲ್ಲಿ ಪಾಸಾಯಿತು, ನವೆಂಬರ್ 1ರಿಂದ ಜಾರಿ ಎಂದರು. ಛಾಪಾ ಕಾಗದ ನಮಗೆ ಹೊಸದಲ್ಲ. ಬ್ರಿಟನ್ನಿನಲ್ಲೂ ಆಗಲೇ ಇತ್ತು. ಜಮೀನಿನ ಪತ್ರ, ಕೋರ್ಟಿನ ಅರ್ಜಿ, ಪರವಾನಗಿ, ಕಾಲೇಜಿನ ಪದವಿ ಪತ್ರ, ಪಂಚಾಂಗ, ಪತ್ರಿಕೆ, ಎಲ್ಲಕ್ಕೂ ಛಾಪೆ ಬೇಕು. ಒಂದು ಕಟ್ಟು ಇಸ್ಪೀಟಿಗೆ 1 ಶಿಲಿಂಗ್. ಒಂದು ಜೊತೆ ದಾಳಕ್ಕೆ 10 ಶಿಲಿಂಗ್. ಅದೂ ಬ್ರಿಟಿಷ್ ನಾಣ್ಯದ ಲೆಕ್ಕದಲ್ಲಿ. ವಸಾಹತುಗಳಲ್ಲಿ ಆ ನಾಣ್ಯಕ್ಕೇ ಬರ.

ಯಾರಿಗೆ ನೋವಾಯಿತು ನೋಡಿ. ವಕೀಲರಿಗೆ, ಪತ್ರಿಕೆ ಅಚ್ಚು ಹಾಕುವವರಿಗೆ, ಹೆಂಡದಂಗಡಿಯವರಿಗೆ. ಮಾತಾಡುವವರು, ಬರೆಯುವವರು, ನಾಲ್ಕು ಜನ ಕೂತು ಹರಟುವ ಜಾಗ ಇಟ್ಟುಕೊಂಡವರು, ಎಲ್ಲರನ್ನೂ ಸರ್ಕಾರ ಒಂದೇ ಸಲಕ್ಕೆ ಎದುರು ಹಾಕಿಕೊಂಡಿತು.

ಆದರೂ ಮುಖ್ಯ ತಕರಾರು ಹಣದ್ದಾಗಿರಲಿಲ್ಲ. ಅಲ್ಲಿಯವರೆಗೆ ಪ್ರತಿ ವಸಾಹತಿನಲ್ಲೂ ಜನ ಆರಿಸಿದ ಶಾಸನ ಸಭೆ ಇತ್ತು. ಒಳಗಿನ ತೆರಿಗೆ ಹಾಕುವುದು ಆ ಸಭೆಯ ಕೆಲಸ. ಈಗ ಸಮುದ್ರದಾಚೆ ಇರುವ ಸಂಸತ್ತು ನೇರವಾಗಿ ಕೈ ಹಾಕಿತು. ಆ ಸಂಸತ್ತಿನಲ್ಲಿ ವಸಾಹತುಗಳ ಒಬ್ಬ ಸದಸ್ಯನೂ ಇಲ್ಲ. ಇದಕ್ಕೆ ಲಂಡನ್ನಿನವರ ಉತ್ತರ ಸಿದ್ಧವಿತ್ತು. ಮ್ಯಾಂಚೆಸ್ಟರಿಗೂ ಸದಸ್ಯರಿಲ್ಲ, ಬರ್ಮಿಂಗ್‌ಹ್ಯಾಮಿಗೂ ಇಲ್ಲ, ಆದರೂ ಸಂಸತ್ತು ಎಲ್ಲರ ಪರವಾಗಿಯೇ ಕೂತಿದೆ ಎಂದರು. ಮಾತು ನಿಜವೇ. ಜನವಸತಿಯೇ ಇಲ್ಲದಷ್ಟು ಖಾಲಿಯಾಗಿದ್ದ ಓಲ್ಡ್ ಸೇರಮ್ ಎಂಬ ದಿಬ್ಬಕ್ಕೆ ಇಬ್ಬರು ಸದಸ್ಯರಿದ್ದರು, ಬೆಳೆಯುತ್ತಿದ್ದ ಮ್ಯಾಂಚೆಸ್ಟರಿಗೆ ಒಬ್ಬರೂ ಇರಲಿಲ್ಲ. ಆದರೆ ಒಂದು ಅನ್ಯಾಯವನ್ನು ತೋರಿಸಿ ಇನ್ನೊಂದನ್ನು ಒಪ್ಪಿಸುವ ಈ ವಾದ ಅಮೆರಿಕದಲ್ಲಿ ನಡೆಯಲಿಲ್ಲ.

ಬಾಸ್ಟನ್‌ನಲ್ಲಿ ಏನಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಗಸ್ಟ್ 14ರ ಬೆಳಗ್ಗೆ ಊರಿನ ದಕ್ಷಿಣ ಭಾಗದ ಒಂದು ದೊಡ್ಡ ಎಲ್ಮ್ ಮರದಲ್ಲಿ ಆಂಡ್ರೂ ಆಲಿವರ್‌ನ ಪ್ರತಿಕೃತಿ ನೇತಾಡುತ್ತಿತ್ತು. ಸ್ಟಾಂಪ್ ಹಂಚುವ ಗುತ್ತಿಗೆ ಆತನಿಗೆ ಸಿಕ್ಕಿತ್ತು. ಸಂಜೆ ಜನ ಅದನ್ನು ಇಳಿಸಿ ಮೆರವಣಿಗೆ ಮಾಡಿದರು. ಬೂಟು ಹೊಲಿದು ಬದುಕುತ್ತಿದ್ದ ಎಬನೇಜರ್ ಮ್ಯಾಕಿಂಟಾಶ್ ಎಂಬವನು ಮುಂದಾಳು. ಸ್ಟಾಂಪ್ ಕಚೇರಿಗೆಂದು ಕಟ್ಟಿದ್ದಾರೆ ಎಂದು ಜನ ನಂಬಿದ್ದ ಕಟ್ಟಡವನ್ನು ಕೆಡವಿದರು. ಮರುದಿನವೇ ಆಲಿವರ್ ನನಗೆ ಈ ಕೆಲಸ ಬೇಡ ಎಂದ.

ಹನ್ನೆರಡು ದಿನ ಕಳೆದು ಇನ್ನೊಂದು ಗುಂಪು ಉಪ ರಾಜ್ಯಪಾಲ ಥಾಮಸ್ ಹಚಿನ್ಸನ್ ಮನೆಗೆ ನುಗ್ಗಿತು. ಬೆಳಗಾಗುವ ಹೊತ್ತಿಗೆ ಮನೆಯಲ್ಲಿ ಗೋಡೆ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಆತ ಬರೆಯುತ್ತಿದ್ದ ಮ್ಯಾಸಚೂಸೆಟ್ಸ್ ಇತಿಹಾಸದ ಹಸ್ತಪ್ರತಿ ಬೀದಿಯ ಕೆಸರಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಸ್ಟಾಂಪ್ ಕಾಯ್ದೆ ಒಳ್ಳೆಯದಲ್ಲ ಎಂದು ಖಾಸಗಿಯಾಗಿ ಹೇಳುತ್ತಿದ್ದವರಲ್ಲಿ ಹಚಿನ್ಸನ್ ಕೂಡ ಒಬ್ಬ. ಹೋರಾಟದ ಕಥೆ ಹೇಳುವಾಗ ಈ ರಾತ್ರಿಯನ್ನು ಬಿಟ್ಟುಬಿಡುವುದು ಸರಿಯಲ್ಲ. ಜನರ ಸಿಟ್ಟು ಎಲ್ಲ ಸಲವೂ ಸರಿಯಾದ ಮನೆಯ ಬಾಗಿಲನ್ನೇ ತಟ್ಟುವುದಿಲ್ಲ.

ನವೆಂಬರ್ 1 ಬರುವ ಹೊತ್ತಿಗೆ ಸ್ಟಾಂಪ್ ಹಂಚಲು ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಮನವಿ ಬರೆದರು. ವ್ಯಾಪಾರಿಗಳು ಬ್ರಿಟಿಷ್ ಸಾಮಾನು ತರಿಸುವುದಿಲ್ಲ ಎಂದು ಸಹಿ ಹಾಕಿದರು. ಆ ಪೆಟ್ಟು ನೇರವಾಗಿ ಬ್ರಿಟನ್ನಿನ ವ್ಯಾಪಾರಿಗಳಿಗೆ ಬಿತ್ತು. 1766ರ ಫೆಬ್ರವರಿಯಲ್ಲಿ, ವಸಾಹತಿನ ಪರವಾಗಿ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್‌ರನ್ನು ಸಂಸತ್ತಿಗೆ ಕರೆಸಿ ವಿಚಾರಿಸಿದರು. ಅಮೆರಿಕನ್ನರ ಹೆಮ್ಮೆ ಮೊದಲು ಯಾವುದರಲ್ಲಿತ್ತು ಎಂದು ಒಬ್ಬರು ಕೇಳಿದರು. ಬ್ರಿಟನ್ನಿನ ಸಾಮಾನು, ಬ್ರಿಟನ್ನಿನ ಫ್ಯಾಷನ್ ಎಂದರು ಫ್ರಾಂಕ್ಲಿನ್. ಈಗ? ಹೊಸ ಬಟ್ಟೆ ತಾವೇ ಮಾಡಿಕೊಳ್ಳುವವರೆಗೆ ಹಳೆಯದನ್ನೇ ಉಡುವುದರಲ್ಲಿ ಎಂದರು. ಮುಂದಿನ ತಿಂಗಳೇ ಕಾಯ್ದೆ ರದ್ದಾಯಿತು.

ಊರೂರಲ್ಲಿ ಪಟಾಕಿ, ದೀಪ, ಸಂಭ್ರಮ. ಆ ಸಂಭ್ರಮದ ನಡುವೆ ಇನ್ನೊಂದು ಕಾಯ್ದೆಯನ್ನು ಜನ ಅಷ್ಟಾಗಿ ಗಮನಿಸಲಿಲ್ಲ. ರದ್ದತಿಯ ದಿನವೇ ಸಂಸತ್ತು ಒಂದು ಘೋಷಣೆಯನ್ನೂ ಕಾಯ್ದೆ ಮಾಡಿತು. ಯಾವ ವಿಷಯವೇ ಇರಲಿ, ವಸಾಹತುಗಳಿಗೆ ಕಾನೂನು ಮಾಡುವ ಪೂರ್ಣ ಅಧಿಕಾರ ನಮಗಿದೆ ಎಂಬುದು ಅದರ ಸಾರ. ಹಣ ಬಿಟ್ಟುಕೊಟ್ಟರು, ಹಕ್ಕು ಬಿಟ್ಟುಕೊಡಲಿಲ್ಲ. ಮುಂದಿನ ಹತ್ತು ವರ್ಷದ ಜಗಳವೆಲ್ಲ ಈ ಒಂದು ಸಾಲಿನ ಸುತ್ತಲೇ ಸುತ್ತಿತು.

1767ರಲ್ಲಿ ಖಜಾನೆ ಮಂತ್ರಿ ಚಾರ್ಲ್ಸ್ ಟೌನ್ಶೆಂಡ್ ಹೊಸ ದಾರಿ ಹಿಡಿದರು. ಬಂದರಿಗೆ ಬರುವ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ. ಮೊತ್ತ ದೊಡ್ಡದಲ್ಲ. ಆದರೆ ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ರಾಜ್ಯಪಾಲರ, ನ್ಯಾಯಾಧೀಶರ ಸಂಬಳಕ್ಕೆ. ಅಲ್ಲಿಯವರೆಗೆ ಹೆಚ್ಚಿನ ಕಡೆ ಈ ಸಂಬಳ ಕೊಡುತ್ತಿದ್ದದ್ದು ಸ್ಥಳೀಯ ಶಾಸನ ಸಭೆ. ರಾಜ್ಯಪಾಲ ಮೇಲೆ ಬಿದ್ದರೆ ಸಂಬಳ ತಡೆದು ಬಗ್ಗಿಸಬಹುದಿತ್ತು. ಜನರ ಕೈಯಲ್ಲಿದ್ದ ಆ ಒಂದು ಲಗಾಮನ್ನೇ ಟೌನ್ಶೆಂಡ್ ಕಿತ್ತುಕೊಂಡರು. ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್ಸನ್ ರೈತನ ಹೆಸರಿನಲ್ಲಿ ಪತ್ರಿಕೆಗಳಿಗೆ ಸಾಲು ಸಾಲು ಪತ್ರ ಬರೆದು ಇದನ್ನೇ ಬಿಡಿಸಿ ಹೇಳಿದರು. ಸುಂಕ ಸಣ್ಣದಿರುವುದೇ ಅಪಾಯ, ಸಣ್ಣದೆಂದು ಒಪ್ಪಿಕೊಂಡರೆ ಹಕ್ಕನ್ನೂ ಒಪ್ಪಿಕೊಂಡ ಹಾಗೆ ಎಂದರು.

ಮತ್ತೆ ಬಹಿಷ್ಕಾರ. ಈ ಸಲ ಅದು ಮನೆಯೊಳಗೆ ಬಂತು. ವ್ಯಾಪಾರಿ ಸಹಿ ಹಾಕಿದರೆ ಸಾಲದು, ಮನೆಯ ಹೆಂಗಸು ಅಂಗಡಿಗೆ ಹೋಗದಿದ್ದರೇ ಬಹಿಷ್ಕಾರ ನಿಲ್ಲುವುದು. ಹೆಂಗಸರು ಪಾದ್ರಿಗಳ ಮನೆಗಳಲ್ಲಿ ರಾಟೆ ಹಿಡಿದು ಸೇರಿ ದಿನವಿಡೀ ನೂತರು. 1768ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಗಳು ಊರಲ್ಲೇ ನೇಯ್ದ ಬಟ್ಟೆ ತೊಟ್ಟು ಪದವಿ ತೆಗೆದುಕೊಂಡರು. ನಮಗೆ ಖಾದಿ ನೆನಪಾಗುತ್ತದೆ, ಅಲ್ವಾ? ಮುಂದೆ 1774ರಲ್ಲಿ ಉತ್ತರ ಕ್ಯಾರೊಲಿನಾದ ಈಡನ್ಟನ್ ಊರಿನ 51 ಹೆಂಗಸರು ತಮ್ಮ ಹೆಸರು ಬರೆದು ಸಹಿ ಹಾಕಿ ಬಹಿಷ್ಕಾರವನ್ನು ಬೆಂಬಲಿಸಿದರು. ಲಂಡನ್ನಿನಲ್ಲಿ ಅವರನ್ನು ಗೇಲಿ ಮಾಡಿ ವ್ಯಂಗ್ಯಚಿತ್ರ ಬಿಡಿಸಿದರು. ಮತದಾನದ ಹಕ್ಕಿಲ್ಲದ ಹೆಂಗಸರು ರಾಜಕೀಯದ ಕಾಗದಕ್ಕೆ ಬಹಿರಂಗವಾಗಿ ಸಹಿ ಹಾಕಿದ್ದು ಆ ಕಾಲಕ್ಕೆ ಎಷ್ಟು ದೊಡ್ಡ ಹೆಜ್ಜೆ ಎಂದು ಆ ಗೇಲಿಯಿಂದಲೇ ಗೊತ್ತಾಗುತ್ತದೆ.

1768ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ಗೆ ಸೈನ್ಯ ಬಂದು ಇಳಿಯಿತು. ಸುಮಾರು 16,000 ಜನರ ಊರು ಅದು. ಬೀದಿಗಳಲ್ಲಿ ದಿನಾ ಕಿರಿಕಿರಿ. 1770ರ ಮಾರ್ಚ್ 5ರ ರಾತ್ರಿ ಕಸ್ಟಮ್ಸ್ ಕಚೇರಿ ಮುಂದೆ ಗುಂಪು ಸೇರಿ ಹಿಮದುಂಡೆ ಎಸೆಯಿತು, ಸೈನಿಕರು ಗುಂಡು ಹಾರಿಸಿದರು. ಐದು ಜನ ಸತ್ತರು. ಅವರಲ್ಲಿ ಕ್ರಿಸ್ಪಸ್ ಅಟಕ್ಸ್ ಕಪ್ಪು ಮತ್ತು ಮೂಲನಿವಾಸಿ ರಕ್ತದ ನಾವಿಕ. ಸೈನಿಕರ ಪರ ವಾದಿಸಿದವರು ಜಾನ್ ಆಡಮ್ಸ್, ಮುಂದೆ ಅಧ್ಯಕ್ಷರಾದವರು. ಕ್ಯಾಪ್ಟನ್ ಬಿಡುಗಡೆಯಾದ, ಎಂಟು ಸೈನಿಕರಲ್ಲಿ ಆರು ಜನ ಬಿಡುಗಡೆಯಾದರು. ಹೋರಾಟದ ನಡುವೆಯೂ ಆ ಊರು ನ್ಯಾಯವಾದ ವಿಚಾರಣೆ ನಡೆಸಿತು ಎಂಬುದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ವಿಚಿತ್ರವೆಂದರೆ ಅದೇ ಮಾರ್ಚ್ 5ರಂದು ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಟೌನ್ಶೆಂಡ್ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಮಂಡಿಸಿದರು. ಒಂದನ್ನು ಮಾತ್ರ ಉಳಿಸಿಕೊಂಡರು. ಚಹಾ, ಪೌಂಡ್ ತೂಕಕ್ಕೆ 3 ಪೆನ್ಸ್. ಹಕ್ಕಿನ ಗುರುತಿಗೆ ಒಂದಾದರೂ ಇರಲಿ ಎಂದು.

ಈಗ ಚಹಾದ ವಿಷಯ. ಇಲ್ಲಿ ಈಸ್ಟ್ ಇಂಡಿಯಾ ಕಂಪನಿ ಬರುತ್ತದೆ, ಅದರ ಜೊತೆ ನಮ್ಮ ನೆಲವೂ ಬರುತ್ತದೆ. 1769ರಲ್ಲಿ ಹೈದರ್ ಅಲಿ ಮದ್ರಾಸಿನ ಬಾಗಿಲವರೆಗೆ ಹೋಗಿ ಇಂಗ್ಲಿಷರಿಂದ ಸಂಧಿಗೆ ಸಹಿ ಹಾಕಿಸಿದ. ಆ ಯುದ್ಧದ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಕಂಪನಿಯ ಷೇರು ಬೆಲೆ ಕುಸಿಯಿತು. ಅದರ ಹಿಂದೆಯೇ 1770ರ ಬಂಗಾಳದ ಭೀಕರ ಕ್ಷಾಮ. 1772ರಲ್ಲಿ ಲಂಡನ್ನಿನ ಬ್ಯಾಂಕುಗಳೇ ಬಿದ್ದವು. ಕಂಪನಿ ದಿವಾಳಿಯ ಅಂಚಿಗೆ ಬಂತು. ಅದರ ಗೋದಾಮುಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡ್ ತೂಕದ ಚಹಾ ಮಾರಾಟವಾಗದೆ ಬಿದ್ದಿತ್ತು. ನೆನಪಿಡಿ, ಅದೆಲ್ಲ ಚೀನಾದ ಚಹಾ. ಅಸ್ಸಾಮಿನ ತೋಟಗಳು ಹುಟ್ಟಿದ್ದು ಎಷ್ಟೋ ಆಮೇಲೆ.

ಕಂಪನಿಯನ್ನು ಉಳಿಸಲು 1773ರ ಚಹಾ ಕಾಯ್ದೆ ಬಂತು. ಕಂಪನಿ ನೇರವಾಗಿ ಅಮೆರಿಕಕ್ಕೆ ಚಹಾ ಕಳಿಸಬಹುದು, ಲಂಡನ್ನಿನ ಸುಂಕ ವಾಪಸ್ಸು. ಹೀಗಾಗಿ ಡಚ್ಚರಿಂದ ಕೊಂಡು ಕಳ್ಳಸಾಗಣೆಯಲ್ಲಿ ತರುವ ಚಹಾಕ್ಕಿಂತ ಇದು ಅಗ್ಗವಾಗುವಂತಿತ್ತು. ಆ 3 ಪೆನ್ಸನ್ನೂ ತೆಗೆದುಬಿಡಿ, ಇಲ್ಲದಿದ್ದರೆ ಅವರು ಚಹಾ ತೆಗೆದುಕೊಳ್ಳುವುದಿಲ್ಲ ಎಂದು ಡೌಡ್ಸ್‌ವೆಲ್ ಎಂಬ ಸದಸ್ಯರು ಸಂಸತ್ತಿನಲ್ಲೇ ಎಚ್ಚರಿಸಿದರು. ನಾರ್ತ್ ಕೇಳಲಿಲ್ಲ. ಅಮೆರಿಕದಲ್ಲಿ ಡಿಕಿನ್ಸನ್ ಮತ್ತೆ ಬರೆದರು. ಏಷ್ಯಾದಲ್ಲಿ ಈ ಕಂಪನಿ ಮಾಡಿದ್ದನ್ನು ನೋಡಿ, ಬಂಗಾಳದಲ್ಲಿ ಜನ ಹಸಿದು ಸತ್ತದ್ದನ್ನು ನೋಡಿ, ನಾಳೆ ನಮ್ಮ ಗತಿಯೂ ಅದೇ ಎಂದರು. ನಮ್ಮ ದೇಶದ ಜನರ ಸಾವು ಅಷ್ಟು ದೂರದಲ್ಲಿ ಒಂದು ಎಚ್ಚರಿಕೆಯಾಗಿ ಓದಿಸಿಕೊಂಡಿತು.

ನವೆಂಬರ್ 28ಕ್ಕೆ ಡಾರ್ಟ್‌ಮೌತ್ ಎಂಬ ಹಡಗು ಬಾಸ್ಟನ್‌ಗೆ ಬಂತು. ಹಿಂದೆಯೇ ಎಲಿನರ್, ಬೀವರ್. ನಿಯಮದ ಪ್ರಕಾರ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಕಸ್ಟಮ್ಸ್‌ನವರು ಮಾಲು ವಶಪಡಿಸಿಕೊಂಡು ಮಾರಬಹುದು. ಅಂದರೆ ಡಿಸೆಂಬರ್ 17ರ ಗಡುವು. ಜನ ಕೇಳಿದ್ದು ಒಂದೇ: ಹಡಗನ್ನು ಚಹಾ ಸಮೇತ ವಾಪಸ್ ಕಳಿಸಿ. ಆಗ ರಾಜ್ಯಪಾಲರಾಗಿದ್ದವರು ಅದೇ ಹಚಿನ್ಸನ್. ಚಹಾ ಮಾರಲು ಕಂಪನಿ ಗೊತ್ತು ಮಾಡಿದ್ದ ಏಜೆಂಟರಲ್ಲಿ ಅವರ ಇಬ್ಬರು ಮಕ್ಕಳೂ ಇದ್ದರು. ಸುಂಕ ಕಟ್ಟದೆ ಹಡಗು ಬಿಡುವುದಿಲ್ಲ ಎಂದು ಪಟ್ಟು ಹಿಡಿದರು. 16ರಂದು ಓಲ್ಡ್ ಸೌತ್ ಸಭಾಮಂದಿರದಲ್ಲಿ ಸಾವಿರಾರು ಜನ ಸೇರಿ ಕಾದರು. ಹಡಗಿನ ಮಾಲೀಕ ಫ್ರಾನ್ಸಿಸ್ ರಾಚ್ ಮಿಲ್ಟನ್‌ನಲ್ಲಿದ್ದ ಹಚಿನ್ಸನ್ ಬಳಿಗೆ ಕೊನೆಯ ಸಲ ಹೋಗಿ, ಕತ್ತಲಾದ ಮೇಲೆ ಬರಿಗೈಲಿ ಬಂದ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ನೂರಕ್ಕೂ ಹೆಚ್ಚು ಜನ ಮೊಹಾಕ್ ಎಂಬ ಮೂಲನಿವಾಸಿಗಳ ವೇಷದಲ್ಲಿ ಗ್ರಿಫಿನ್ ಧಕ್ಕೆಗೆ ನಡೆದರು. ಜಾರ್ಜ್ ಹ್ಯೂಸ್ ಎಂಬ ಬೂಟು ಹೊಲಿಯುವವನು ಕಮ್ಮಾರನ ಅಂಗಡಿಗೆ ಹೋಗಿ ಕಲ್ಲಿದ್ದಲ ಪುಡಿ ಮುಖಕ್ಕೆ ಬಳಿದುಕೊಂಡ. ಹಡಗು ಹತ್ತಿ ಕ್ಯಾಪ್ಟನ್ ಹತ್ತಿರ ಬೀಗದ ಕೈಗಳನ್ನೂ ಒಂದು ಡಜನ್ ಮೇಣದ ಬತ್ತಿಗಳನ್ನೂ ಕೇಳಿದ. ಕ್ಯಾಪ್ಟನ್ ಕೊಟ್ಟ, ಹಡಗಿಗೆ ಏನೂ ಮಾಡಬೇಡಿ ಎಂದ. ಏನೂ ಮಾಡಲಿಲ್ಲ. ಸುಮಾರು ಮೂರು ಗಂಟೆಯಲ್ಲಿ 342 ಪೆಟ್ಟಿಗೆ ಒಡೆದು 92,000 ಪೌಂಡ್ ತೂಕದಷ್ಟು ಚಹಾ ಸುರಿದರು. ಚಾರ್ಲ್ಸ್ ಕಾನರ್ ಎಂಬವನು ಕೋಟಿನ ಒಳಗೆ ಚಹಾ ತುಂಬಿಕೊಳ್ಳುವುದನ್ನು ಕಂಡು ಹಿಡಿದು, ಬಟ್ಟೆ ಕಿತ್ತು, ಬಡಿದು ಓಡಿಸಿದರು. ಈ ನಡುವೆ ಒಬ್ಬ ಕ್ಯಾಪ್ಟನ್ನಿನ ಸ್ವಂತ ಬೀಗ ಮುರಿದಿತ್ತು, ಆಮೇಲೆ ಅವನಿಗೆ ಹೊಸ ಬೀಗ ಕಳಿಸಿದರು. ಆಗ ಇಳಿತದ ಹೊತ್ತು, ನೀರು ಕಡಿಮೆ. ಚಹಾ ಹಡಗಿನ ಪಕ್ಕದಲ್ಲೇ ಹುಲ್ಲಿನ ಮೆದೆಯ ಹಾಗೆ ರಾಶಿ ಬಿತ್ತು. ಮರುದಿನ ಬೆಳಗ್ಗೆ ದೋಣಿಯಲ್ಲಿ ಹೋಗಿ ತೇಲುತ್ತಿದ್ದ ಚಹಾವನ್ನು ಹುಟ್ಟಿನಿಂದ ಬಡಿದು ಮುಳುಗಿಸಿದರು, ಯಾರೂ ಬಳಿದು ತಂದು ಮಾರಬಾರದೆಂದು.

ಅದೇ ಡಾರ್ಟ್‌ಮೌತ್ ಹಡಗಿನಲ್ಲಿ ಚಹಾದ ಜೊತೆ ಫಿಲಿಸ್ ವೀಟ್ಲಿಯವರ ಕವನ ಸಂಕಲನದ ಪ್ರತಿಗಳೂ ಬಂದಿದ್ದವು. ಪಶ್ಚಿಮ ಆಫ್ರಿಕಾದಿಂದ ಮಗುವಾಗಿದ್ದಾಗಲೇ ಹೊತ್ತು ತಂದು ಬಾಸ್ಟನ್‌ನಲ್ಲಿ ಮಾರಿದ ಹುಡುಗಿ ಆಕೆ. ಪುಸ್ತಕಗಳು ಸುರಕ್ಷಿತವಾಗಿ ಇಳಿದವು.

ಚಹಾ ಸುರಿದದ್ದನ್ನು ಎಲ್ಲರೂ ಮೆಚ್ಚಲಿಲ್ಲ. ವಾಷಿಂಗ್ಟನ್‌ಗೂ ಫ್ರಾಂಕ್ಲಿನ್‌ಗೂ ಇಷ್ಟವಾಗಲಿಲ್ಲ. ನಷ್ಟ ತುಂಬಿಕೊಡಿ ಎಂದರು ಫ್ರಾಂಕ್ಲಿನ್. ಬ್ರಿಟನ್ ಅಲ್ಲಿಗೆ ಬಿಟ್ಟಿದ್ದರೆ ಬಾಸ್ಟನ್ ಒಂಟಿಯಾಗುತ್ತಿತ್ತೋ ಏನೋ. ಬಿಡಲಿಲ್ಲ. 1774ರ ಜೂನ್ 1ರಿಂದ ಬಾಸ್ಟನ್ ಬಂದರು ಬಂದ್. ಚಹಾದ ಹಣ ಕಟ್ಟುವವರೆಗೆ ತೆರೆಯುವುದಿಲ್ಲ. ಅದರ ಜೊತೆ ಮ್ಯಾಸಚೂಸೆಟ್ಸ್‌ನ ಆಡಳಿತದ ಸನ್ನದನ್ನೇ ಬದಲಾಯಿಸಿದರು. ಮೇಲ್ಮನೆಯನ್ನು ಇನ್ನು ರಾಜನೇ ನೇಮಿಸುತ್ತಾನೆ. ಜ್ಯೂರಿಯನ್ನು ಶೆರಿಫ್ ಎಂಬ ಅಧಿಕಾರಿ ಆರಿಸುತ್ತಾನೆ. ಊರ ಸಭೆ ವರ್ಷಕ್ಕೊಂದು, ಅದಕ್ಕಿಂತ ಹೆಚ್ಚು ಬೇಕಿದ್ದರೆ ರಾಜ್ಯಪಾಲರ ಅಪ್ಪಣೆ ಬೇಕು.

ಬಂದರು ಮುಚ್ಚಿದ್ದು ಬಾಸ್ಟನ್‌ಗೆ ಶಿಕ್ಷೆ. ಊರ ಸಭೆ ನಿಲ್ಲಿಸಿದ್ದು ಒಳನಾಡಿನ ಪ್ರತಿ ಹಳ್ಳಿಗೂ ಶಿಕ್ಷೆ. ಈ ಎರಡನೆಯದರ ಬಗ್ಗೆ ನಾವು ಓದುವುದು ಕಡಿಮೆ, ಆದರೆ ನನ್ನ ಪ್ರಕಾರ ಕಥೆಯ ತಿರುವು ಇರುವುದು ಅಲ್ಲೇ. ರಸ್ತೆ, ಶಾಲೆ, ಚರ್ಚು, ಬಡವರ ಪಾಲನೆ, ತೆರಿಗೆ, ಎಲ್ಲವನ್ನೂ ತೀರ್ಮಾನಿಸುತ್ತಿದ್ದ ಜಾಗ ಆ ಊರ ಸಭೆ. ಲೀವೈ ಪ್ರೆಸ್ಟನ್ ಹೇಳಿದ ಆಡಳಿತ ಅಂದರೆ ಇದೇ.

ವೂಸ್ಟರ್ ಎಂಬ ಊರನ್ನು ತೆಗೆದುಕೊಳ್ಳಿ. ಬಾಸ್ಟನ್‌ನಿಂದ ಪಶ್ಚಿಮಕ್ಕೆ, ರೈತರ ಸೀಮೆ. 1774ರ ಸೆಪ್ಟೆಂಬರ್ 6ರಂದು ಹೊಸ ಕಾನೂನಿನ ಕೆಳಗೆ ಅಲ್ಲಿನ ಕೋರ್ಟು ತೆರೆಯಬೇಕಿತ್ತು. ಆ ಬೆಳಗ್ಗೆ ಸುತ್ತಲಿನ 37 ಊರುಗಳಿಂದ 4,622 ಗಂಡಸರು ತಮ್ಮ ತಮ್ಮ ದಳ ಕಟ್ಟಿಕೊಂಡು ಬಂದು ಮುಖ್ಯ ಬೀದಿಯ ಎರಡೂ ಬದಿ ನಿಂತರು. ಕೋರ್ಟಿನ ಬಾಗಿಲು ಮುಚ್ಚಿತ್ತು. ನ್ಯಾಯಾಧೀಶರು, ಅಧಿಕಾರಿಗಳು ಹತ್ತಿರದ ಹೋಟೆಲಿನಲ್ಲಿ ಕೂತಿದ್ದರು. ಕೊನೆಗೆ ಅವರು ಹೊರಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಆ ಎರಡು ಸಾಲುಗಳ ನಡುವೆ ನಡೆದರು. ಹೊಸ ಕಾನೂನಿನಂತೆ ನಡೆಯುವುದಿಲ್ಲ ಎಂಬ ಹೇಳಿಕೆಯನ್ನು ಎಲ್ಲರಿಗೂ ಕೇಳುವ ಹಾಗೆ ಮತ್ತೆ ಮತ್ತೆ ಓದಿದರು, ಮೂವತ್ತಕ್ಕೂ ಹೆಚ್ಚು ಸಲ. ಒಂದು ಗುಂಡೂ ಹಾರಲಿಲ್ಲ. ಆ ಜಿಲ್ಲೆಯಲ್ಲಿ ರಾಜನ ಆಡಳಿತ ಅವತ್ತೇ ಮುಗಿಯಿತು.

ಅಕ್ಟೋಬರ್ 4ಕ್ಕೆ ವೂಸ್ಟರಿನ ಜನ ತಮ್ಮ ಪ್ರತಿನಿಧಿಯಾಗಿ ಟಿಮತಿ ಬಿಗೆಲೋ ಎಂಬ ಕಮ್ಮಾರನನ್ನು ಕಳಿಸಿದರು. ಹಳೆಯ ಸನ್ನದನ್ನು ವಾಪಸ್ ಕೊಡದಿದ್ದರೆ ಹಳೆಯ ಸಂಬಂಧ ತೀರಿತು ಎಂದು ತಿಳಿದು, ಎಲ್ಲ ಅಧಿಕಾರಿಗಳೂ ಜನರ ಮತಕ್ಕೆ ಬದ್ಧರಾಗಿರುವ ಹೊಸ ಸರ್ಕಾರ ಕಟ್ಟಲು ದುಡಿ ಎಂದು ಅವನಿಗೆ ಬರೆದುಕೊಟ್ಟರು. ಫಿಲಡೆಲ್ಫಿಯಾದ ಸ್ವಾತಂತ್ರ್ಯ ಘೋಷಣೆಗೆ ಇನ್ನೂ 21 ತಿಂಗಳಿತ್ತು!

ಅದೇ ತಿಂಗಳು ಮ್ಯಾಸಚೂಸೆಟ್ಸ್‌ನ ಪ್ರತಿನಿಧಿಗಳು ರಾಜ್ಯಪಾಲರನ್ನು ಬದಿಗಿಟ್ಟು ತಾವೇ ಒಂದು ಸಭೆ ಮಾಡಿಕೊಂಡರು. ಅವರ ಮೊದಲ ಕೆಲಸಗಳಲ್ಲಿ ಒಂದು ಯಾವುದು ಗೊತ್ತಾ? ತೆರಿಗೆ. ವಸೂಲಿಗಾರರೇ, ಹಣವನ್ನು ಇನ್ನು ರಾಜನ ಖಜಾಂಚಿಗೆ ಕೊಡಬೇಡಿ, ನಾವು ನೇಮಿಸಿದ ಹೆನ್ರಿ ಗಾರ್ಡ್ನರ್‌ಗೆ ಕೊಡಿ ಎಂದರು. ಊರುಗಳು ಒಂದೊಂದಾಗಿ ಹಾಗೇ ಮಾಡತೊಡಗಿದವು. ತೆರಿಗೆ ಕಟ್ಟುವುದಿಲ್ಲ ಎಂದು ಆ ಜನ ಹಟ ಹಿಡಿದಿರಲಿಲ್ಲ. ತಾವು ಆರಿಸಿದವರು ಕೇಳಿದಾಗ ಕಟ್ಟಿದರು.

ಬಾಸ್ಟನ್‌ಗೆ ಬೇರೆ ವಸಾಹತುಗಳಿಂದ ನೆರವು ಹರಿದು ಬಂತು. ದಕ್ಷಿಣ ಕ್ಯಾರೊಲಿನಾದಿಂದ ಅಕ್ಕಿ. ಕನೆಕ್ಟಿಕಟ್‌ನಿಂದ ಇಸ್ರೇಲ್ ಪಟ್ನಮ್ ಕುರಿ ಹಿಂಡನ್ನೇ ಹೊಡೆದುಕೊಂಡು ಬಂದ. ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಸೇರಿ, ಡಿಸೆಂಬರ್ 1ರಿಂದ ಬ್ರಿಟಿಷ್ ಸಾಮಾನು ಬೇಡ ಎಂದು ಒಪ್ಪಂದ ಮಾಡಿಕೊಂಡರು. ಅದನ್ನು ನೋಡಿಕೊಳ್ಳಲು ಪ್ರತಿ ಜಿಲ್ಲೆ, ಪಟ್ಟಣ, ಊರಲ್ಲೂ ಮತ ಹಾಕಿ ಸಮಿತಿ ಆರಿಸಬೇಕು. ಒಪ್ಪಂದ ಮುರಿದವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗಬೇಕು. ಈ ಸಮಿತಿಗಳು ಅಂಗಡಿಗಳ ಲೆಕ್ಕದ ಪುಸ್ತಕ ತಿರುವಿದವು, ಬೆಲೆ ಏರದಂತೆ ನೋಡಿದವು, ಮದ್ದುಗುಂಡು ಕೂಡಿಹಾಕಿದವು. ಕೆಲವು ಕಡೆ ಸುಮ್ನೆ ಮನೆಯಲ್ಲಿ ಕೂತವರನ್ನೂ ಹೆದರಿಸಿದವು, ಟಾರು ಬಳಿದು ಗರಿ ಅಂಟಿಸಿ ಮೆರೆಸಿದವು. ರಾಜನಿಗೆ ನಿಷ್ಠರಾದವರಿಗೆ ಆ ದಿನಗಳು ನರಕವಾಗಿದ್ದವು. ಚಹಾ ಕುಡಿಯುತ್ತಾರೋ ಇಲ್ಲವೋ ನೋಡಲು ಹುಟ್ಟಿದ ಸಮಿತಿಗಳೇ ವರ್ಷದೊಳಗೆ ಊರಿನ ಸರ್ಕಾರವಾದವು.

1775ರ ಏಪ್ರಿಲ್ 19ರಂದು ಸುಮಾರು 700 ಬ್ರಿಟಿಷ್ ಸೈನಿಕರು ಕಾಂಕರ್ಡ್‌ನಲ್ಲಿ ಇಟ್ಟಿದ್ದ ಆಯುಧ ಹುಡುಕಿಕೊಂಡು ಹೊರಟರು. ದಾರಿಯಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಎಂಟು ಜನ ಊರವರು ಗುಂಡಿಗೆ ಬಿದ್ದರು. ಹಿಂತಿರುಗುವಾಗ ದಾರಿಯುದ್ದಕ್ಕೂ ಕಲ್ಲುಗೋಡೆ, ಮರಗಳ ಮರೆಯಿಂದ ಗುಂಡು. ಸಂಜೆಗೆ 73 ಸೈನಿಕರು ಸತ್ತಿದ್ದರು. ಯುದ್ಧ ಶುರುವಾಯಿತು.

ಅಷ್ಟಾದರೂ ಸ್ವಾತಂತ್ರ್ಯ ಬೇಕು ಎಂದು ಹೇಳಲು ಇನ್ನೂ ಹದಿನಾಲ್ಕು ತಿಂಗಳು ಬೇಕಾಯಿತು. ಜನ ಸಂಸತ್ತನ್ನು ಬೈಯುತ್ತಿದ್ದರು, ರಾಜನನ್ನು ನಂಬಿದ್ದರು. 1775ರ ಜುಲೈನಲ್ಲಿ ಕೊನೆಯ ಶಾಂತಿ ಮನವಿ ಹೋಯಿತು. ಮೂರನೇ ಜಾರ್ಜ್ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ, ಆಗಸ್ಟ್‌ನಲ್ಲಿ ಇವರೆಲ್ಲ ದಂಗೆಕೋರರು ಎಂದು ಸಾರಿದ. ಜನವರಿಯಲ್ಲಿ ಥಾಮಸ್ ಪೇನ್‌ರ ಸಣ್ಣ ಪುಸ್ತಿಕೆ ಬಂತು. ಅರಸೊತ್ತಿಗೆಯೇ ತಪ್ಪು ಎಂದು ಹೆಂಡದಂಗಡಿಯಲ್ಲಿ ಗಟ್ಟಿಯಾಗಿ ಓದಬಹುದಾದ ಭಾಷೆಯಲ್ಲಿ ಅವರು ಬರೆದರು. 1776ರ ವಸಂತದಲ್ಲಿ ಹತ್ತಾರು ಊರುಗಳು, ಜಿಲ್ಲೆಗಳು ತಾವೇ ಸ್ವಾತಂತ್ರ್ಯದ ನಿರ್ಣಯ ಮಾಡಿ ಕಳಿಸಿದವು. ಫಿಲಡೆಲ್ಫಿಯಾದಲ್ಲಿ ಸೇರಿದ್ದ ವಸಾಹತುಗಳ ಪ್ರತಿನಿಧಿಗಳು ಜುಲೈ 2ಕ್ಕೆ ಸ್ವಾತಂತ್ರ್ಯಕ್ಕೆ ಮತ ಹಾಕಿದರು, 4ಕ್ಕೆ ಘೋಷಣೆ ಒಪ್ಪಿದರು.

ಆ ಘೋಷಣೆಯಲ್ಲಿ ರಾಜನ ಮೇಲೆ 27 ಆರೋಪಗಳಿವೆ. ಒಪ್ಪಿಗೆ ಇಲ್ಲದೆ ತೆರಿಗೆ ಹಾಕಿದ್ದು ಎಷ್ಟನೆಯದು ಎಂದು ಎಣಿಸಿ ನೋಡಿ. ಹದಿನೇಳನೆಯದು, ಅದೂ ಒಂದೇ ಸಾಲು. ಅದಕ್ಕಿಂತ ಮೊದಲು ಬರುವುದೆಲ್ಲ ಶಾಸನ ಸಭೆ ಮುಚ್ಚಿದ್ದು, ನ್ಯಾಯಾಧೀಶರನ್ನು ಸಂಬಳದಿಂದ ಕಟ್ಟಿಹಾಕಿದ್ದು, ಕೇಳದೆ ಸೈನ್ಯ ತಂದಿಟ್ಟದ್ದು.

ಎರಡು ವರ್ಷ ಕಳೆದು, ಬ್ರಿಟಿಷ್ ಸೈನ್ಯ ಸಾರಟೋಗ ಎಂಬಲ್ಲಿ ಸೋತು, ಫ್ರಾನ್ಸ್ ಅಮೆರಿಕದ ಪರ ಯುದ್ಧಕ್ಕೆ ಇಳಿಯುವಾಗ, ಸಂಸತ್ತು ಕೊನೆಗೂ ಬಗ್ಗಿತು. ಆದಾಯಕ್ಕಾಗಿ ವಸಾಹತುಗಳ ಮೇಲೆ ಇನ್ನು ತೆರಿಗೆ ಹಾಕುವುದಿಲ್ಲ ಎಂದು 1778ರಲ್ಲಿ ಕಾನೂನನ್ನೇ ಮಾಡಿ ಸಂಧಾನಕಾರರನ್ನು ಕಳಿಸಿತು. 1765ರಲ್ಲಿ ಕೇಳಿದ್ದೆಲ್ಲ ಸಿಕ್ಕಿತ್ತು. ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಬೇಡ ಎಂದಿತು. ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಿ ಅಥವಾ ಸೈನ್ಯ ಹಿಂದಕ್ಕೆ ಕರೆಸಿಕೊಳ್ಳಿ, ಆಮೇಲೆ ಮಾತು. ಊರೂರಲ್ಲಿ ಜನರ ಆಡಳಿತ ನಡೆಯಲು ಶುರುವಾಗಿ ನಾಲ್ಕು ವರ್ಷವಾಗುತ್ತಾ ಬಂದಿತ್ತು. ಅದನ್ನು ಯಾರು ವಾಪಸ್ ಕೊಡುತ್ತಾರೆ?

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: ಹೈದರನ ಹೆಸರು ಹೇಳಿದಿರಲ್ಲ, ಆಮೇಲೂ ಏನಾದರೂ ಸಂಬಂಧ ಇತ್ತಾ?

ಇತ್ತು ಸಾರ್. ಫ್ರಾನ್ಸ್ ಅಮೆರಿಕದ ಪರ ಬಂದದ್ದರಿಂದ ಇಲ್ಲಿ ಇಂಗ್ಲಿಷರು 1779ರಲ್ಲಿ ಫ್ರೆಂಚರ ಮಾಹೆಯನ್ನು ಹಿಡಿದರು. ಮಾಹೆ ನನ್ನ ರಕ್ಷಣೆಯಲ್ಲಿದೆ ಎಂದು ಹೈದರ್ ಹೇಳಿದ್ದ. ಎರಡನೇ ಮೈಸೂರು ಯುದ್ಧಕ್ಕೆ ಅದೂ ಒಂದು ಕಾರಣ. 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಸೈನ್ಯ ನುಚ್ಚುನೂರಾಯಿತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧ ಹಡಗಿಗೆ ಹೈದರ್ ಅಲಿ ಎಂದೇ ಹೆಸರಿಟ್ಟಿದ್ದರು. ಜೋಶುವಾ ಬಾರ್ನಿ ಅದರ ನಾಯಕ. ಡೆಲಾವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿಯಿತು. ಇನ್ನೊಂದು ಕಡೆಯ ಸಂಬಂಧ ನಮಗೆ ನೋವಿನದು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸ್ ಐದು ವರ್ಷ ಕಳೆದ ಮೇಲೆ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಅರ್ಧ ರಾಜ್ಯವನ್ನೂ ಟಿಪ್ಪುವಿನ ಇಬ್ಬರು ಮಕ್ಕಳನ್ನೂ ತೆಗೆದುಕೊಂಡು ಹೋದವನು ಅವನೇ.

ಕಾಲೇಜು ಹುಡುಗಿಯೊಬ್ಬಳು ಕೇಳಿದಳು: ಒಪ್ಪಿಗೆ ಇಲ್ಲದೆ ತೆರಿಗೆ ಬೇಡ ಎಂದ ಜನ ಗುಲಾಮರನ್ನು ಇಟ್ಟುಕೊಂಡಿದ್ದರಲ್ಲ, ಅವರ ಕಥೆ ಏನು?

ತುಂಬಾ ಸರಿಯಾದ ಪ್ರಶ್ನೆ ಕೇಳಿದೆಯಮ್ಮ. ಆಗ ವಸಾಹತುಗಳ ಜನಸಂಖ್ಯೆ ಸುಮಾರು 25 ಲಕ್ಷ. ಅವರಲ್ಲಿ ಐದರಲ್ಲೊಂದು ಪಾಲು ಗುಲಾಮರು. ಘೋಷಣೆ ಬರೆದ ಜೆಫರ್ಸನ್ ಮನೆಯಲ್ಲೂ ಗುಲಾಮರಿದ್ದರು. ಈ ಅನ್ಯಾಯಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಕಪ್ಪು ಜನ ಸುಮ್ಮನಿರಲಿಲ್ಲ. 1777ರಲ್ಲಿ ಪ್ರಿನ್ಸ್ ಹಾಲ್ ಮತ್ತು ಜೊತೆಗಾರರು ನಮಗೂ ಅದೇ ಸ್ವಾತಂತ್ರ್ಯ ಕೊಡಿ ಎಂದು ಮ್ಯಾಸಚೂಸೆಟ್ಸ್ ಸರ್ಕಾರಕ್ಕೆ ಅರ್ಜಿ ಬರೆದರು. 1780ರಲ್ಲಿ ಡಾರ್ಟ್‌ಮೌತ್ ಎಂಬ ಊರಿನ ಜಾನ್ ಕಫೆ, ಪಾಲ್ ಕಫೆ ಎಂಬ ಅಣ್ಣತಮ್ಮಂದಿರು ಇನ್ನೊಂದು ಅರ್ಜಿ ಹಾಕಿದರು. ಅವರ ತಂದೆ ಆಫ್ರಿಕಾದಿಂದ ಗುಲಾಮನಾಗಿ ಬಂದು ಬಿಡುಗಡೆಯಾದವರು, ತಾಯಿ ವಾಂಪನಾಗ್ ಮೂಲನಿವಾಸಿ. ನಮ್ಮಿಂದ ತೆರಿಗೆ ವಸೂಲಿ ಮಾಡುವವರನ್ನು ಆರಿಸುವಾಗ ನಮಗೆ ಮತ ಇಲ್ಲ, ನಮ್ಮ ಬಣ್ಣದ ಎಷ್ಟೋ ಜನ ಈ ಹೋರಾಟದಲ್ಲಿ ಯುದ್ಧಕ್ಕೂ ಹೋಗಿದ್ದಾರೆ, ಹಾಗಿರುವಾಗ ಈ ತೆರಿಗೆ ಯಾವ ನ್ಯಾಯ ಎಂದು ಕೇಳಿದರು. ಬಾಸ್ಟನ್ನಿನವರು ಲಂಡನ್ನಿಗೆ ಕೇಳಿದ್ದ ಪ್ರಶ್ನೆಯನ್ನೇ ಅವರು ಬಾಸ್ಟನ್ನಿಗೆ ಕೇಳಿದರು. ಸರ್ಕಾರ ಒಪ್ಪಲಿಲ್ಲ. ಅಣ್ಣತಮ್ಮಂದಿರು ತೆರಿಗೆ ಕಟ್ಟಲಿಲ್ಲ, ಆ ವರ್ಷದ ಕೊನೆಗೆ ಟಾಂಟನ್ ಊರಿನ ಜೈಲಿಗೂ ಹೋದರು.